ಘಟ್ಟ ಇಳಿದು ಕಡಲಿಗೆ: ಬೆಳಗ್ಗೆ ಹೋಗಿ ಸಂಜೆ ಬರುವ ಬಗೆ

ಬೇಸಿಗೆ ರಜೆಯಲ್ಲಿ ಕಡಲಿಗೆ ಹೋಗುವುದಿದ್ದರೆ ಭರಣಿ ಮಳೆ ಮುಗಿಯುವುದರೊಳಗೆ, ಅಂದರೆ ಸುಮಾರು ಮೇ ಹತ್ತರೊಳಗೆ ಹೋಗಿಬಂದುಬಿಡಿ. ಕೃತ್ತಿಕೆ ಹುಟ್ಟಿದ ಮೇಲೆ ಘಟ್ಟದಲ್ಲಿ ಸಂಜೆಯ ಗಾಳಿಮಳೆ ಹೆಚ್ಚು, ಮರ ಬಿದ್ದು ರಸ್ತೆ ಕಟ್ಟುವುದೂ ಉಂಟು. ರೋಹಿಣಿ ಹೊತ್ತಿಗೆ ಕಡಲೇ ಏಳಲು ಶುರು. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಯೂ ಮಳೆಗಾಲದಲ್ಲಿ ಇರುವುದಿಲ್ಲ.

ತೀರ್ಥಹಳ್ಳಿ ಕಡೆಯವರಿಗೆ ಆಗುಂಬೆ, ಹೆಬ್ರಿ, ಉಡುಪಿ ದಾಟಿ ಮಲ್ಪೆ. ಹೊಸನಗರದವರು ಹುಲಿಕಲ್ ಘಟ್ಟ ಇಳಿದು ಸಿದ್ದಾಪುರದ ಮೇಲೆ ಕುಂದಾಪುರ ಸೇರಬಹುದು. ಸಾಗರದವರಿಗೆ ಮಾವಿನಗುಂಡಿ, ಗೇರುಸೊಪ್ಪೆ, ಹೊನ್ನಾವರ, ಅದರಾಚೆ ಕಾಸರಕೋಡು. ಜೋಗದಲ್ಲಿ ಬಿದ್ದ ಶರಾವತಿಯೇ ಹೊನ್ನಾವರದಲ್ಲಿ ಕಡಲು ಸೇರುವುದನ್ನು ಮಕ್ಕಳಿಗೆ ತೋರಿಸಿ. ಮರವಂತೆಯಲ್ಲಿ ಒಂದು ಕಡೆ ಸೌಪರ್ಣಿಕಾ, ಇನ್ನೊಂದು ಕಡೆ ಕಡಲು, ನಡುವೆ ಹೆದ್ದಾರಿ. ನೋಡಲು ಅದಕ್ಕಿಂತ ಚೆಂದದ ಜಾಗವಿಲ್ಲ, ನೀರಿಗಿಳಿಯಲು ಮಾತ್ರ ಅದಲ್ಲ.

ಆಗುಂಬೆಯ 14 ತಿರುವುಗಳನ್ನು ಎರಡನೇ ಗೇರಿನಲ್ಲಿ, ತೀರಾ ಕಡಿದಾದಲ್ಲಿ ಒಂದನೆಯದರಲ್ಲಿ ಇಳಿಸಿ. ಬ್ರೇಕನ್ನೇ ಒತ್ತಿಕೊಂಡು ಇಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಸುಟ್ಟ ವಾಸನೆ ಬಂದರೆ ಅಗಲವಾದ ಜಾಗ ನೋಡಿ ಅರ್ಧ ಗಂಟೆ ನಿಲ್ಲಿಸಿ, ಚಕ್ರಕ್ಕೆ ನೀರು ಹೊಯ್ಯಬೇಡಿ. ವಾಂತಿಯಾಗುವವರನ್ನು ಮುಂದೆ ಕೂರಿಸಿ, ಮೊಬೈಲು ನೋಡಲು ಬಿಡಬೇಡಿ. ಖಾಲಿ ಹೊಟ್ಟೆಯೂ ಬೇಡ, ಎಣ್ಣೆಯ ತಿಂಡಿಯೂ ಬೇಡ. ಎರಡು ಇಡ್ಲಿ ಸಾಕು.

ತೀರ್ಥಹಳ್ಳಿಯಿಂದ ಮಲ್ಪೆಗೆ ಎರಡೂವರೆ ಗಂಟೆ ಇಟ್ಟುಕೊಳ್ಳಿ. ಐದಕ್ಕೆ ಹೊರಟರೆ ಏಳೂವರೆಗೆ ಮರಳಿನ ಮೇಲಿರುತ್ತೀರಿ. ಇಷ್ಟು ಬೇಗ ಯಾಕೆಂದರೆ, ಬೆಳಗ್ಗೆ ಗಾಳಿ ನೆಲದಿಂದ ಕಡಲಿಗೆ ಬೀಸುವುದರಿಂದ ನೀರು ಸಮಾಧಾನವಾಗಿರುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಗಾಳಿ ತಿರುಗಿ ಕಡಲಿಂದ ನುಗ್ಗುತ್ತದೆ, ಅಲೆಯೂ ಹೆಚ್ಚುತ್ತದೆ. ಹತ್ತೂವರೆಗೆ ಎಲ್ಲರೂ ನೀರಿಂದ ಮೇಲೆ ಬಂದಿರಬೇಕು.

ಕಡಲಲ್ಲಿ ಹೆಚ್ಚು ಮೋಸ ಹೋಗುವವರು ಹೊಳೆಯಲ್ಲಿ ಈಜು ಕಲಿತವರೇ. ಅಲೆ ಒಡೆಯುವ ಸಾಲಿನ ನಡುವೆ ಒಂದು ಕಡೆ ಮಾತ್ರ ಅಲೆ ಒಡೆಯದೆ, ನೀರು ಕಲಕಿದ ಬಣ್ಣದಲ್ಲಿ ಸಪಾಟಾಗಿ ಕಾಣುತ್ತದೆ. ಹೊಳೆಯ ಲೆಕ್ಕದಲ್ಲಿ ಇಳಿಯಲು ಒಳ್ಳೆಯ ಜಾಗ ಅದೇ ಅನ್ನಿಸುತ್ತದೆ. ಆದರೆ ದಡಕ್ಕೆ ಬಂದ ಅಲೆಯ ನೀರೆಲ್ಲ ವಾಪಸ್ ಹೋಗುವ ಕಾಲುವೆ ಅದು. ಸಿಕ್ಕಿಕೊಂಡರೆ ದಡದ ಕಡೆಗೆ ಈಜಿ ಸುಸ್ತಾಗಬೇಡಿ. ದಡಕ್ಕೆ ಸಮಾನಾಂತರವಾಗಿ ಅಡ್ಡಕ್ಕೆ ಈಜಿ, ಸೆಳೆತ ಬಿಟ್ಟ ಮೇಲೆ ಅಲೆಯ ಜೊತೆಗೇ ದಡಕ್ಕೆ ಬನ್ನಿ. ಈಜಲಾಗದಿದ್ದರೆ ಅಂಗಾತ ತೇಲುತ್ತಾ ಕೈ ಎತ್ತಿ. ಸೆಳೆತ ನಿಮ್ಮನ್ನು ದೂರ ಒಯ್ಯುತ್ತದೆಯೇ ಹೊರತು ಕೆಳಗೆ ಎಳೆಯುವುದಿಲ್ಲ. ಜೀವ ಹೋಗುವುದು ಹೆದರಿಕೆಯಿಂದ, ಸುಸ್ತಿನಿಂದ.

ಹೊಳೆ ಕಡಲು ಸೇರುವ ಅಳಿವೆಯಲ್ಲಂತೂ ಕಾಲಿಡಬೇಡಿ. ಇಳಿತದ ಹೊತ್ತಿಗೆ ಅಲ್ಲಿ ಹೊಳೆಯ ರಭಸಕ್ಕೆ ಇಳಿತದ ಎಳೆತವೂ ಸೇರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಉಬ್ಬರ-ಇಳಿತ ಎರಡೂ ಜೋರು, ಮಕ್ಕಳಿದ್ದರೆ ಅಷ್ಟಮಿಯ ಹತ್ತಿರದ ದಿನ ಆರಿಸಿಕೊಳ್ಳಿ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುವುದರಿಂದ ಹೋದ ವಾರದ ಲೆಕ್ಕ ಈ ವಾರಕ್ಕೆ ಆಗುವುದಿಲ್ಲ. ದಡದ ಮೀನುಗಾರರನ್ನು ಕೇಳಿ. ಲೋಳೆಮೀನು (ಜೆಲ್ಲಿ ಫಿಶ್) ತಾಗಿ ಉರಿದರೆ ತಿಕ್ಕದೆ ಕಡಲ ನೀರಿನಿಂದಲೇ ತೊಳೆಯಿರಿ.

ಬುತ್ತಿಗೆ ಕಾಯಿ ಹಾಕಿದ ಪದಾರ್ಥ ಬೇಡ. ಕರಾವಳಿಯ ಸೆಕೆಗೆ ಕಾಯಿಚಟ್ನಿ ಮಧ್ಯಾಹ್ನದೊಳಗೆ ಹಳಸುತ್ತದೆ. ಅಕ್ಕಿರೊಟ್ಟಿ, ಚಟ್ನಿಪುಡಿ, ಮಿಡಿ ಉಪ್ಪಿನಕಾಯಿ, ಕಾಯಿ ಹಾಕದ ಪುಳಿಯೋಗರೆ ತಡೆಯುತ್ತವೆ. ಕುಡಿಯಲು ಒಂದು ಹಿಡಿ ಒಣ ಮುರುಗಲು (ಪುನರ್ಪುಳಿ) ಸಿಪ್ಪೆಯನ್ನು ರಾತ್ರಿ ಎರಡು ಲೀಟರ್ ನೀರಲ್ಲಿ ನೆನೆಸಿ, ಬೆಳಗ್ಗೆ ಕಿವುಚಿ ಸೋಸಿ, ಬೆಲ್ಲ, ಜೀರಿಗೆಪುಡಿ, ಚಿಟಿಕೆ ಉಪ್ಪು ಸೇರಿಸಿ. ಹುಳಿಯಾದ್ದರಿಂದ ತಾಮ್ರ, ಅಲ್ಯೂಮಿನಿಯಂ ಪಾತ್ರೆಗೆ ಹಾಕಬೇಡಿ.

ಮೀನು ತಿನ್ನದ ಮನೆಯವರು ಇಲ್ಲಿಗೇ ಓದು ನಿಲ್ಲಿಸಬಹುದು. ತಿನ್ನುವವರು ಮೀನನ್ನು ಕೊನೆಗೆ, ಹೊರಡುವ ಮುಂಚೆ ಕೊಳ್ಳಿ. ಕಿವಿರು ಕೆಂಪಗೆ, ಕಣ್ಣು ಉಬ್ಬಿ ಹೊಳೆಯುತ್ತಿರಬೇಕು; ಬೆರಳೊತ್ತಿದರೆ ಗುಳಿ ಉಳಿಯಬಾರದು. ಬಂಗುಡೆ, ಬೂತಾಯಿಯಲ್ಲಿ ಹುಷಾರು. ಬಿಸಿಲಿಗೆ ಬಿಟ್ಟರೆ ಅವುಗಳಲ್ಲಿ ಹಿಸ್ಟಮೈನ್ ಹುಟ್ಟುತ್ತದೆ, ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ತಿಂದವರಿಗೆ ಮುಖ ಕೆಂಪೇರಿ ಮೈ ತುರಿಸುತ್ತದೆ. ಕಿವಿರು, ಕರುಳು ತೆಗೆಸಿ, ತುಂಡು ಮಾಡಿಸಬೇಡಿ, ತುಂಡಾದದ್ದು ಬೇಗ ಹಾಳು. ಐದು ಕಿಲೋ ಮೀನಿಗೆ ಐದು ಕಿಲೋ ಪುಡಿ ಐಸು ಲೆಕ್ಕ. ಥರ್ಮೋಕೋಲ್ ಪೆಟ್ಟಿಗೆಯ ತಳಕ್ಕೆ ನಾಲ್ಕು ಬೆರಳು ಐಸು, ಅದರ ಮೇಲೆ ಒಂದು ಸಾಲು ಮೀನು, ಮತ್ತೆ ಐಸು, ಕೊನೆಯ ಪದರವೂ ಐಸೇ. ಮುಚ್ಚಳದ ಸುತ್ತ ಟೇಪು ಸುತ್ತಿ. ಪೆಟ್ಟಿಗೆಯ ಕೆಳಗೆ ಅಗಲವಾದ ಪ್ಲಾಸ್ಟಿಕ್ ಟಬ್ ಇಡುವುದನ್ನು ಮರೆತರೆ ತಿರುವುಗಳಲ್ಲಿ ಚೆಲ್ಲಿದ ನೀರಿನ ವಾಸನೆ ದೀಪಾವಳಿಯವರೆಗೂ ಕಾರಿನಲ್ಲಿರುತ್ತದೆ.

ಮಧ್ಯಾಹ್ನ ಎರಡರೊಳಗೆ ಹೊರಟರೆ ಸಂಜೆಯ ಮಳೆಗೆ ಮುಂಚೆ ಘಟ್ಟ ಹತ್ತಿರುತ್ತೀರಿ.