ಚುಕ್ಕೆಗಿಂತ ಗೆರೆ ನೋಡಿ

ನಾನು ಅಂಗನವಾಡಿ ಕಾರ್ಯಕರ್ತೆ. ಮಕ್ಕಳ ತೂಕ, ಎತ್ತರದ ಅಳತೆ ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ, ಅಲ್ವಾ? ಅದಕ್ಕೇ ಮೊದಲು ತಕ್ಕಡಿ ಸೊನ್ನೆಯಲ್ಲಿದೆಯೇ ನೋಡಿ. ಸ್ವೆಟರ್, ಚಪ್ಪಲಿ, ಕಾಲ್ಗಡಗ ತೆಗೆಸಿ. ಬೆಳ್ಳಿ ಕಡಗ ತೆಗೆಯಲು ಅಜ್ಜಿಯರು ಒಪ್ಪುವುದಿಲ್ಲ. "ಒಂದೇ ನಿಮಿಷ ಅಜ್ಜಿ" ಅಂತ ಕೇಳಿಕೊಳ್ಳುತ್ತೇನೆ.

ಎತ್ತರಕ್ಕಾದರೆ, ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ ಅಳೆಯಬೇಕು. ಇದಕ್ಕೆ ಇಬ್ಬರು ಬೇಕೇ ಬೇಕು. ಒಬ್ಬರು ತಲೆಯನ್ನು ಹಲಗೆಗೆ ತಾಗಿಸಿ ಹಿಡಿಯಲಿ. ಇನ್ನೊಬ್ಬರು ಮಂಡಿಯನ್ನು ಮೆಲ್ಲಗೆ ಒತ್ತಿ ಪಾದದ ಹಲಗೆ ಸರಿಸಲಿ. ಎರಡು ದಾಟಿದವರನ್ನು ನಿಲ್ಲಿಸಿ ಅಳೆಯಿರಿ. ಮಲಗಿಸಿದಾಗ ಸುಮಾರು 0.7 ಸೆಂ.ಮೀ. ಜಾಸ್ತಿ ಬರುತ್ತದೆ, ಹಾಗಾಗಿ ಎರಡನ್ನೂ ಬೆರೆಸಬೇಡಿ.

ವಯಸ್ಸಿಗೆ ತಕ್ಕ ಎತ್ತರ ಇಲ್ಲದಿದ್ದರೆ ಅದು ಬಹುದಿನದ ಪೋಷಣೆಯ ಕೊರತೆ. ಎತ್ತರಕ್ಕೆ ತಕ್ಕ ತೂಕ ಇಲ್ಲದಿದ್ದರೆ ತಡಮಾಡದೆ ಡಾಕ್ಟರಿಗೆ ತೋರಿಸಿ.

ತಾಯಿ ಕಾರ್ಡಿನ ಚಾರ್ಟಿನಲ್ಲಿ ಪ್ರತಿ ತಿಂಗಳ ತೂಕಕ್ಕೆ ಚುಕ್ಕೆ ಇಟ್ಟು ಗೆರೆ ಎಳೆಯುತ್ತೇವೆ. ಚುಕ್ಕೆ ಹಸಿರಲ್ಲಿದೆ, ಅಂದರೆ ತೂಕ ಸರಿಯಿದೆ ಅಂತ ಸುಮ್ನೆ ಇರಬೇಡಿ. ಗೆರೆ ಮೇಲೇರುತ್ತಿದೆಯೇ ನೋಡಿ. ನಮ್ಮಲ್ಲಿ 14 ತಿಂಗಳ ಹೆಣ್ಣುಮಗುವೊಂದು ಹಸಿರಲ್ಲೇ ಇತ್ತು. ಆದರೆ ತೂಕ ಎರಡು ತಿಂಗಳಿಂದ 8.4 ಕಿಲೋದಲ್ಲೇ ನಿಂತಿತ್ತು. ವಿಚಾರಿಸಿದೆ. ಭೇದಿ ಆದಾಗಿನಿಂದ ಬರೀ ಗಂಜಿ ತಿಳಿ ಕೊಡುತ್ತಿದ್ದರಂತೆ. ಬೇಳೆ ಕಲಸಿದ ಮೆತ್ತನೆ ಅನ್ನ, ಮೊಟ್ಟೆ, ಒಂದು ಚಮಚ ತುಪ್ಪ ಶುರು ಮಾಡಿಸಿದೆ. ಮುಂದಿನ ತಿಂಗಳು ಗೆರೆ ಮೇಲೆದ್ದಿತು. ಅವಳ ತಾಯಿಗೆ ನಾನೇ ಬೆರಳಿಟ್ಟು ತೋರಿಸಿದೆ.