ಒಂದೆಲಗದ ಎಣ್ಣೆ ಮತ್ತು ಕೆಂಪೇರಿದ ಚರ್ಮ: ನನ್ನ ಅನುಭವ

ಮಲೆನಾಡಿನವರಾದ ನಮಗೆ ಒಂದೆಲಗ ಔಷಧಿಗಿಂತ ಮೊದಲು ತಂಬುಳಿಯ ಸೊಪ್ಪು. ಆಯುರ್ವೇದ ಕಲಿಯುವಾಗ ನಾನು ಅದನ್ನು ಮಂಡೂಕಪರ್ಣಿಯೆಂದು, ಚರಕರು ಹೇಳಿದ ಮೇಧ್ಯ ರಸಾಯನಗಳಲ್ಲಿ, ಅಂದರೆ ಬುದ್ಧಿ ಚುರುಕಾಗಿಸುವ ಔಷಧಿಗಳಲ್ಲಿ, ಒಂದೆಂದು ಓದಿದ್ದೆ. ಚರ್ಮದ ಉರಿಯೂತಕ್ಕೆ ಅದನ್ನು ಹೇಗೆ ಬಳಸಬೇಕೆಂಬುದನ್ನು ಕಲಿತದ್ದು ಮಾತ್ರ ನನ್ನದೇ ತಪ್ಪಿನಿಂದ.

ವೃತ್ತಿಯ ಆರಂಭದಲ್ಲಿ ನನ್ನ ಕಣಕಾಲಿನ ಮೇಲೆ ಇಸಬು ಎದ್ದಾಗ, ತೋಟದ ಕಾಲುವೆಯ ಅಂಚಿನಿಂದ ಸೊಪ್ಪು ಕಿತ್ತು, ಅರೆದು, ಹಸಿಯಾಗಿಯೇ ಹಚ್ಚಿಕೊಂಡೆ. ಮೊದಲ ದಿನ ತಂಪೆನಿಸಿತು. ಮೂರನೆಯ ದಿನ, ಕೆರೆದು ಒಡೆದಿದ್ದ ಜಾಗ ಕೀವು ಕಟ್ಟಿತು. ಬಳ್ಳಿಯ ಗಿಣ್ಣುಗಿಣ್ಣಿಗೂ ಅಂಟಿದ್ದ ಕೆಸರನ್ನು ನಾನು ಸರಿಯಾಗಿ ತೊಳೆದಿರಲಿಲ್ಲ. ಅದಕ್ಕಿಂತ ದೊಡ್ಡ ತಪ್ಪೆಂದರೆ, ಉರಿಯೂತವನ್ನು ತಣಿಸುವ ಸೊಪ್ಪು ಸೋಂಕನ್ನೂ ತಡೆಯುತ್ತದೆ ಎಂದು ನಂಬಿದ್ದು.

ಅಂದಿನಿಂದ ಹಸಿ ಲೇಪವನ್ನು ಬಿಟ್ಟು ಎಣ್ಣೆ ಕಾಯಿಸತೊಡಗಿದೆ. ಆಯುರ್ವೇದದ ಹಳೆಯ ಗ್ರಂಥವಾದ ಶಾರ್ಙ್ಗಧರ ಸಂಹಿತೆಯ ಲೆಕ್ಕದಂತೆ ಎಣ್ಣೆಯ ನಾಲ್ಕರಷ್ಟು ಸ್ವರಸ, ಎಂಟರಲ್ಲಿ ಒಂದು ಪಾಲು ಕಲ್ಕ. ಎಂದರೆ ಒಂದು ಲೀಟರ್ ಕೊಬ್ಬರಿ ಎಣ್ಣೆಗೆ ನಾಲ್ಕು ಲೀಟರ್ ಸೊಪ್ಪಿನ ರಸ ಮತ್ತು 125 ಗ್ರಾಂ ಅರೆದ ಸೊಪ್ಪು. ಸಣ್ಣ ಉರಿಯಲ್ಲಿ ಬಿಡದೆ ಕೈಯಾಡಿಸುತ್ತಿದ್ದರೆ ತಳದ ಹಸಿರು ಮುದ್ದೆ ಕ್ರಮೇಣ ಕಪ್ಪಾಗಿ ಮರಳಿನಂತೆ ಬಿಡಿಬಿಡಿಯಾಗುತ್ತದೆ, ಎಣ್ಣೆಯ ಮೇಲೆ ನೊರೆ ಏಳುತ್ತದೆ. ಆಗ ಚೂರು ಕಲ್ಕವನ್ನು ಬತ್ತಿಯಂತೆ ಹೊಸೆದು ದೀಪಕ್ಕೆ ಹಿಡಿಯುತ್ತೇನೆ; ಚಟಪಟ ಸದ್ದು ಬಂದರೆ ನೀರಿನಂಶ ಇನ್ನೂ ಉಳಿದಿದೆ ಎಂದರ್ಥ, ಆ ಎಣ್ಣೆ ಬೇಗ ಕೆಡುತ್ತದೆ. ಈ ಪರೀಕ್ಷೆಯನ್ನು ನಾನು ಒಮ್ಮೆಯೂ ತಪ್ಪಿಸುವುದಿಲ್ಲ.

ಒಂದೆಲಗದಲ್ಲಿರುವ ಏಷಿಯಾಟಿಕೋಸೈಡ್, ಮೆಡೆಕಾಸೋಸೈಡ್ ಎಂಬ ಅಂಶಗಳು ಉರಿಯೂತವನ್ನು ಕೆರಳಿಸುವ ಟಿಎನ್‌ಎಫ್-ಆಲ್ಫಾದಂತಹ ಸಂಕೇತಗಳನ್ನು ತಗ್ಗಿಸುವುದನ್ನೂ, ಚರ್ಮಕ್ಕೆ ಬಲ ಕೊಡುವ ಕೊಲ್ಯಾಜನ್ ಎಂಬ ಪ್ರೋಟೀನ್ ಕೂಡುವುದಕ್ಕೆ ನೆರವಾಗುವುದನ್ನೂ ಪ್ರಯೋಗಾಲಯದ ಅಧ್ಯಯನಗಳು ತೋರಿಸಿವೆ. ಆದರೆ ನನ್ನ ಎಣ್ಣೆಯಲ್ಲಿ ಅವು ಎಷ್ಟು ಇಳಿದಿವೆಯೆಂದು ನಾನು ಅಳೆದವನಲ್ಲ. ಒಣಗಿದ ಚರ್ಮಕ್ಕೆ ಕೊಬ್ಬರಿ ಎಣ್ಣೆಯೇ ಹಿತಕರವಾದ್ದರಿಂದ, ಗುಣವಾದದ್ದೆಲ್ಲ ಸೊಪ್ಪಿನದೇ ಎಂದು ಹೇಳಿದರೆ ರೋಗಿಗೆ ಮೋಸ ಮಾಡಿದಂತಾಗುತ್ತದೆ.

ಒಣಗಿ, ಕೆಂಪೇರಿ, ತುರಿಸುವ ಇಸಬಿಗೆ ಸ್ನಾನದ ನಂತರ ಚರ್ಮ ಇನ್ನೂ ತುಸು ತೇವವಾಗಿರುವಾಗಲೇ ತೆಳುವಾಗಿ ಹಚ್ಚಲು ಹೇಳುತ್ತೇನೆ. ನೀರು ಸೋರುವ, ಕೀವು ತುಂಬಿದ ಚರ್ಮಕ್ಕೆ ಕೊಡುವುದಿಲ್ಲ. ಅಂಥವರನ್ನು ಚರ್ಮತಜ್ಞರ ಬಳಿಗೆ ಕಳುಹಿಸುತ್ತೇನೆ. ಅಂಗಡಿಯಿಂದ ತಂದ ಸ್ಟಿರಾಯ್ಡ್ ಮುಲಾಮನ್ನು ತಿಂಗಳುಗಟ್ಟಲೆ ಹಚ್ಚಿ, ಅದನ್ನು ಒಮ್ಮೆಲೇ ಬಿಟ್ಟು ಈ ಎಣ್ಣೆಗೆ ಬರುವವರನ್ನೂ ತಡೆಯುತ್ತೇನೆ, ಏಕೆಂದರೆ ಹಾಗೆ ಬಿಟ್ಟಾಗ ಚರ್ಮ ಮತ್ತೆ ಭಗ್ಗನೆ ಕೆರಳಬಹುದು.

ಯಾರಿಗೇ ಆಗಲಿ ಮೊದಲು ಮುಂಗೈ ಒಳಭಾಗದಲ್ಲಿ ಒಂದು ತೊಟ್ಟು ಹಚ್ಚಿ ಎರಡು ದಿನ ಕಾಯುತ್ತೇನೆ. ಅಡಿಕೆ ಸುಲಿಯುವ ಕೆಲಸದ ಒಬ್ಬ ತಾಯಿಗೆ ಹಾಗೆ ಹಚ್ಚಿದಲ್ಲಿ ನಾಣ್ಯದಗಲ ಕೆಂಪು ದದ್ದು ಎದ್ದಿತು. "ತಿಂದರೆ ಏನೂ ಆಗದ ಸೊಪ್ಪು ಹಚ್ಚಿದರೆ ಹೀಗೇಕೆ, ಡಾಕ್ಟ್ರೇ?" ಎಂದು ಅವರು ಕೇಳಿದರು. ಒಂದೆಲಗವೂ ಕೆಲವರ ಚರ್ಮಕ್ಕೆ ಅಲರ್ಜಿ ಎಂದು ವಿವರಿಸಿ, ಬರಿಯ ಕೊಬ್ಬರಿ ಎಣ್ಣೆಯ ಸೀಸೆಯನ್ನೇ ಅವರ ಕೈಗಿತ್ತೆ.