ಡಿಸ್ಟಾರ್ಷನ್ ಆಫ್ ಮಾಡಿ ಬಿಟ್ಟ ಹಾಡು

ನಮ್ಮದು ಶಿವಮೊಗ್ಗದ ರಾಕ್ ಬ್ಯಾಂಡ್. ಗಿಟಾರ್ ನನ್ನದು. ಕಾಲೇಜು ಫೆಸ್ಟ್‌ಗಳಲ್ಲಿ ನಮ್ಮನ್ನು ಕೇಳಿದವರಿಗೆ ನಾವೆಂದರೆ ಸದ್ದು: ದಪ್ಪ ತಂತಿ ಇಳಿಸಿ ಕಟ್ಟಿದ ಡ್ರಾಪ್ ಡಿ ಟ್ಯೂನಿಂಗ್, ಎರಡೂ ಕಾಲಲ್ಲಿ ಡ್ರಮ್ ಒದೆಯುವ ಡಬಲ್ ಕಿಕ್, ಒಂದು ಪದವೂ ತಿಳಿಯದ ಕಿರುಚಾಟ. ಅಂಥ ನಾವು ಒಂದು ಪಾಪ್ ಸಿಂಗಲ್ ಬಿಟ್ಟೆವು. ಅದರ ಹಿಂದೆ ದೊಡ್ಡ ಯೋಜನೆಯೇನೂ ಇರಲಿಲ್ಲ. ಗಾಯಕ ತಂದ ಟ್ಯೂನ್, ಗಿಟಾರ್ ದನಿಯನ್ನು ಒರಟಾಗಿಸುವ ಡಿಸ್ಟಾರ್ಷನ್ ಜೊತೆ ಕೂರಲೇ ಇಲ್ಲ. ಡಿಸ್ಟಾರ್ಷನ್ ಪೆಡಲ್ ಆಫ್ ಮಾಡಿ ನುಡಿಸಿದಾಗ ಅವನು ಏನು ಹಾಡುತ್ತಿದ್ದಾನೆ ಅಂತ ನಮಗೇ ಮೊದಲ ಸಲ ಕೇಳಿಸಿತು.

ಪಾಪ್ ಸುಲಭ ಎನ್ನುವವರು ಒಂದು ಸಲ ಮಾಡಿ ನೋಡಬೇಕು. ಎರಡು ಗಿಟಾರ್ ಒಟ್ಟಿಗೆ ಅಬ್ಬರಿಸುವಾಗ ತಾಳದ ಸಣ್ಣಪುಟ್ಟ ಏರುಪೇರು ಅಡಗಿಹೋಗುತ್ತದೆ. ಇಲ್ಲಿ ಅಡಗಲು ಜಾಗವಿಲ್ಲ. ಡ್ರಮ್ಮರ್‌ಗೆ ಡಬಲ್ ಕಿಕ್ ಬಿಟ್ಟು ಬೀಟ್‌ಗೊಂದೇ ಕಿಕ್ ಹೊಡಿ ಅಂದರೆ, 'ಇದಕ್ಕೆ ನಾನ್ಯಾಕೆ ಮಾರಾಯ, ತಾಳ ಹೊಡೆಯೋ ಮೆಟ್ರೋನೋಮ್ ಸಾಕಲ್ದಾ?' ಅಂತ ಮುಖ ಊದಿಸಿಕೊಂಡ. ಕೊನೆಗೆ ಅತಿ ಹೆಚ್ಚು ಟೇಕ್ ತೆಗೆದುಕೊಂಡದ್ದು ಆ ಸಾದಾ ಕಿಕ್ಕೇ.

ಮುಖ್ಯ ಜಗಳ ನಡೆದದ್ದು ಇಂಟ್ರೋಗೆ. ನನ್ನ ಅರೇಂಜ್‌ಮೆಂಟ್‌ನಲ್ಲಿ ದನಿ ಬರುವ ಮುಂಚೆ ಮುಕ್ಕಾಲು ನಿಮಿಷ ಗಿಟಾರ್ ಇತ್ತು. ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಮಾತ್ರ ಒಂದು ಸ್ಟ್ರೀಮ್ ಅಂತ ಲೆಕ್ಕ. ಗಾಯಕ ಬಾಯಿ ತೆರೆಯುವಷ್ಟರಲ್ಲಿ ಕೇಳುಗ ಮುಂದಿನ ಹಾಡಿಗೆ ಹೋಗಿರುತ್ತಾನೆ ಅಂತ ಬಾಸಿಸ್ಟ್ ವಾದ. ನಾಲ್ಕು ಬಾರ್‌ಗೆ ಇಳಿಸಿದೆವು. ಬಾರ್‌ಗೆ ನಾಲ್ಕು ಬೀಟ್, 100 ಬಿಪಿಎಂನಲ್ಲಿ, ಅಂದರೆ ನಿಮಿಷಕ್ಕೆ 100 ಬೀಟ್ ವೇಗದಲ್ಲಿ, ಹತ್ತು ಸೆಕೆಂಡೂ ಇಲ್ಲ. ಸ್ಟ್ರೀಮ್ ಲೆಕ್ಕಕ್ಕೋಸ್ಕರ ಹಾಡು ಕತ್ತರಿಸುವುದು ನನಗೆ ಇವತ್ತಿಗೂ ಹಿಡಿಸುವುದಿಲ್ಲ. ಆದರೆ ಆ ಇಂಟ್ರೋದಲ್ಲಿ ಅಷ್ಟು ಹೊತ್ತು ಕಾಯಿಸುವಂಥದ್ದೇನೂ ಇರಲಿಲ್ಲ ಅನ್ನುವುದೂ ನಿಜ.

'ಶಿವಮೊಗ್ಗದವರು ಅಂದಮೇಲೆ ಡೊಳ್ಳು ಇಲ್ವಾ?' ಅಂತ ಕೇಳಿದವರು ಬೇಕಾದಷ್ಟು ಜನ. ಇಲ್ಲ. ಡೊಳ್ಳಿನ ಮೇಲೆ ನಮಗೆ ಭಕ್ತಿ ಇದೆ, ಅದಕ್ಕೇ ಒಗ್ಗರಣೆಗೆ ಬಳಸಲಿಲ್ಲ.

ವೋಕಲ್ ರೆಕಾರ್ಡ್ ಮಾಡಿದ್ದು ತೀರ್ಥಹಳ್ಳಿ ಕಡೆ ನಮ್ಮ ಅಕ್ಕನ ಮನೆಯಲ್ಲಿ. ಸುಲಿದು ಬೇಯಿಸಿ ಒಣಗಿಸಿದ ಅಡಿಕೆ ಮೂಟೆಗಳು ರೇಟಿಗೆ ಕಾಯುತ್ತಾ ಒಂದು ಕೋಣೆಯಲ್ಲಿ ಕೂತಿದ್ದವು. ಮೂರು ಕಡೆ ಎದೆಮಟ್ಟಕ್ಕೆ ಮೂಟೆ, ಬಾಗಿಲಿಗೆ ಕಂಬಳಿ. ಚಪ್ಪಾಳೆ ತಟ್ಟಿದರೆ ಸದ್ದು ಅಲ್ಲೇ ಸಾಯುತ್ತಿತ್ತು. ಇದೆಲ್ಲ ಮಳೆ ಹಿಡಿಯುವ ಮುಂಚೆ ಮುಗಿಯಬೇಕು. ಜೂನ್ ಬಂತೆಂದರೆ ಹಂಚಿನ ಮೇಲೆ ಬೀಳುವ ಮಳೆ, ಸಣ್ಣ ಸದ್ದನ್ನೂ ಹಿಡಿಯುವ ಕಂಡೆನ್ಸರ್ ಮೈಕ್‌ಗೆ ಗಾಯಕನಿಗಿಂತ ಚೆನ್ನಾಗಿ ಕೇಳುತ್ತದೆ. ಕರೆಂಟಿನ ಭರವಸೆ ಇಲ್ಲದ್ದರಿಂದ ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ನಡೆಯುವ ಸಣ್ಣ ಯುಎಸ್‌ಬಿ ಇಂಟರ್‌ಫೇಸ್ (ಮೈಕಿನ ದನಿಯನ್ನು ಲ್ಯಾಪ್‌ಟಾಪ್‌ಗೆ ಕೊಡುವ ಪೆಟ್ಟಿಗೆ) ಒಯ್ದಿದ್ದೆವು. ಪಕ್ಕದ ಕೋಣೆಯ ಫ್ರಿಜ್ ಗುಂಯ್‌ಗುಡುತ್ತಿತ್ತು, ಅದನ್ನೂ ಆಫ್ ಮಾಡಿಸಿದೆವು. 'ಹಾಲು ಒಡೀತೋ, ನಿಮ್ಮ ತಲೆಗೇ ಕಟ್ತೀನಿ ನೋಡು' ಅಂದಳು ಅಕ್ಕ. ಅವಳ ಈ ಮಾತು ಒಂದು ಟೇಕ್‌ನಲ್ಲಿ ಸ್ಪಷ್ಟವಾಗಿ ದಾಖಲಾಗಿದೆ.

ಹಾಡಿಗೆ ಕೊನೇ ಹದ ಕೊಡುವ ಮಾಸ್ಟರಿಂಗ್‌ನಲ್ಲಿ, ಜೋರಾಗಿ ಕೇಳಲಿ ಅಂತ ಸದ್ದು ಹಿಂಡಲಿಲ್ಲ. ಎಷ್ಟೇ ಜೋರಾಗಿ ಕಳಿಸಿದರೂ ಸ್ಪಾಟಿಫೈ ಮಾಮೂಲಿ ಸೆಟ್ಟಿಂಗ್‌ನಲ್ಲಿ ಅದನ್ನು ಮೈನಸ್ 14 ಎಲ್‌ಯುಎಫ್‌ಎಸ್ (ಸದ್ದಿನ ಜೋರಿನ ಅಳತೆ) ಹತ್ತಿರಕ್ಕೆ ಇಳಿಸುತ್ತದೆ. ಹಿಂಡಿದ ಹಾಡು ಸೊರಗಿ ಕೇಳುತ್ತದೆ ಅಷ್ಟೆ. ಆಮೇಲೆ, ಸ್ಪಾಟಿಫೈನಂಥ ಕಡೆಗೆ ಹಾಡು ತಲುಪಿಸುವ ಡಿಸ್ಟ್ರಿಬ್ಯೂಟರ್‌ಗೆ ವೇವ್ ಫೈಲ್, 3000 × 3000 ಪಿಕ್ಸೆಲ್ ಕವರ್, ಯಾರ ಸಾಹಿತ್ಯ ಯಾರ ಸಂಗೀತ ಎಂಬ ವಿವರ. ಇದನ್ನು ಮೊದಲೇ ಕಾಗದದ ಮೇಲೆ ಬರೆದು ನಾಲ್ವರೂ ಸಹಿ ಹಾಕಿದ್ದೆವು. ಗೆಳೆತನ ಉಳಿಸಿಕೊಳ್ಳುವ ಆಸೆ ಇರುವವರು ಹಾಗೇ ಮಾಡಿ. ಪ್ಲೇಲಿಸ್ಟ್‌ಗೆ ಸೇರಿಸಿ ಅಂತ ಸ್ಪಾಟಿಫೈನ ಸಂಪಾದಕರಿಗೆ ಹಾಡು ಪಿಚ್ ಮಾಡಲು ಬಿಡುಗಡೆಗೆ ಕನಿಷ್ಠ 7 ದಿನ ಮುಂಚೆ ಹಾಡು ಅಲ್ಲಿರಬೇಕು. ನಾವು ಒಂದು ತಿಂಗಳು ಇಟ್ಟುಕೊಂಡೆವು. ಪ್ರಕಾರದ ಕಾಲಂನಲ್ಲಿ 'ಪಾಪ್' ಅಂತ ತುಂಬುವಾಗ ಡ್ರಮ್ಮರ್ ಎದ್ದು ಹೊರಗೆ ಹೋದ.

ಪ್ಲೇಲಿಸ್ಟ್ ಯಾವುದೂ ಸಿಗಲಿಲ್ಲ. ಸಿಕ್ಕಿದ್ದು ಬೈಗುಳ. ಗೋಪಿ ಸರ್ಕಲ್ ಹತ್ತಿರ ಟೀ ಕುಡಿಯುತ್ತಿದ್ದಾಗ ಹಳೇ ಅಭಿಮಾನಿಯೊಬ್ಬ ಬಂದು, 'ಎಂಥ ಅಣ್ಣಾ ಇದು, ರಿಂಗ್‌ಟೋನ್ ಮಾಡಿದ್ರಾ?' ಅಂದ. 1979ರಲ್ಲಿ ಅಮೆರಿಕದ ರಾಕ್ ಬ್ಯಾಂಡ್ ಕಿಸ್ ಡಿಸ್ಕೋ ತಾಳದ ಸಿಂಗಲ್ ಬಿಟ್ಟಾಗ ಅವರ ಅಭಿಮಾನಿಗಳೂ ಹೀಗೇ ಮುನಿಸಿಕೊಂಡಿದ್ದರು. ಆ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 11ನೇ ಸ್ಥಾನಕ್ಕೆ ಹೋಯಿತು. ಅವನಿಗೆ ಇದನ್ನು ಹೇಳಿದೆ. 'ಅವರು ಕಿಸ್ಸು, ನೀವು ನಮ್ಮೂರ ವಿನೋಬನಗರ' ಅಂದ. ಉತ್ತರ ಇರಲಿಲ್ಲ, ಟೀ ದುಡ್ಡು ನಾನೇ ಕೊಟ್ಟೆ.

ಹಾಡನ್ನು ಊರೂರಿಗೆ ಒಯ್ದವರು ಮದುವೆ ವಿಡಿಯೋ ಮಾಡುವ ಹುಡುಗರು. ಯಾರ ವಿಡಿಯೋದಲ್ಲಿ ಯಾರ ಹಾಡಿದೆ ಅಂತ ತಾನೇ ಪತ್ತೆ ಹಚ್ಚುವ ಯೂಟ್ಯೂಬ್‌ನ ಕಂಟೆಂಟ್ ಐಡಿಗೆ ನಾವು ಬೇಕೆಂದೇ ಸೇರಿರಲಿಲ್ಲ. ಸೇರಿದ್ದರೆ ಯಾರೋ ಸಾಗರದ ಮದುವೆ ವಿಡಿಯೋಗೆ ಹಾಡು ಹಾಕಿದ ಕೂಡಲೇ ಹಕ್ಕಿನ ಕ್ಲೇಮ್ ಬೀಳುತ್ತಿತ್ತು, ಅವರು ತೆಗೆದುಬಿಡುತ್ತಿದ್ದರು. ನಾಲ್ಕು ಕಾಸು ಬರುತ್ತಿತ್ತೇನೋ. ಬದಲಿಗೆ ಧಾರೆ, ಅಕ್ಷತೆ, ಹೆಣ್ಣೊಪ್ಪಿಸುವ ಹೊತ್ತಿನ ಅಳು ಎಲ್ಲದರ ಹಿಂದೆಯೂ ನಮ್ಮ ಕೋರಸ್ ಓಡಿತು. ಅಕ್ಕನ ಮನೆಯ ಅಡಿಕೆ ಕೊನೆಕೊಯ್ಲಿಗೆ ಬಂದವರ ಫೋನಿನಲ್ಲೂ ಅದೇ ಸ್ಟೇಟಸ್.

ದುಡ್ಡಿನ ವಿಷಯ ಚಿಕ್ಕದು. 2024ರಿಂದ ಸ್ಪಾಟಿಫೈನಲ್ಲಿ ಹಿಂದಿನ 12 ತಿಂಗಳಲ್ಲಿ 1,000 ಸ್ಟ್ರೀಮ್ ದಾಟದ ಹಾಡಿಗೆ ಕಾಸಿಲ್ಲ. ನಾವು ದಾಟಿದೆವು, ಬಂದದ್ದರಲ್ಲಿ ಒಂದು ಸೆಟ್ ಗಿಟಾರ್ ತಂತಿಯೂ ಬರುವುದಿಲ್ಲ. ನಿಜವಾದ ಸಂಪಾದನೆ ಗಣಪತಿ ಪೆಂಡಾಲ್‌ಗಳಿಂದ ಬಂತು. ಮೊದಲು ನಮ್ಮ ಹೆಸರು ಕೇಳಿದರೆ 'ಹೆಂಗಸರು ಮಕ್ಕಳು ಬರ್ತಾರೆ, ಬೇಡ' ಅನ್ನುತ್ತಿದ್ದ ಸಮಿತಿಯವರೇ ಫೋನ್ ಮಾಡಿದರು. ಈ ಹಾಡನ್ನು ಮೊದಲಿಗೇ ಹಾಡುವುದಿಲ್ಲ ಅಂತ ತೀರ್ಮಾನ ಮಾಡಿದ್ದೇವೆ. ಮೂರು ಜೋರು ಹಾಡು ಆದಮೇಲೆ ಇದು. ಕೊನೇ ಕೋರಸ್‌ನಲ್ಲಿ ಡ್ರಮ್ಮರ್ ಯಾರನ್ನೂ ಕೇಳದೆ ಡಬಲ್ ಕಿಕ್ ಶುರು ಮಾಡುತ್ತಾನೆ. ಈಗೀಗ ನಾನೂ ಆ ಹೊತ್ತಿಗೆ ಪೆಡಲ್ ಒತ್ತುತ್ತೇನೆ.